ಮಾಡೆಲ್ ರೈಲಿನ ಒಂದೇ ಕೋಚ್ ಪಾಯಿಂಟ್ಸಲ್ಲಿ ಹಳಿ ತಪ್ತಿದೆ, ತೂಕ ಹಾಕ್ಲಾ?

ಮಡಿಕೇರಿಯಿಂದ:
ನಮಸ್ಕಾರ ಎಲ್ರಿಗೂ. ಅಟ್ಟದ ಮೇಲೆ ಎಚ್‌ಒ (ನಿಜವಾದ ರೈಲಿನ 87ನೇ ಒಂದು ಭಾಗದ ಅಳತೆ) ಮಾಡೆಲ್ ರೈಲು ಲೇಔಟ್ ಹಾಕಿದೀನಿ (ಜಿಲ್ಲೆಗೇ ರೈಲಿಲ್ಲ, ನಮ್ಮನೆಗಾದ್ರೂ ಇರ್ಲಿ ಅಂತ 😄). ಐದು ಐಸಿಎಫ್ ಕೋಚ್ (ಚೆನ್ನೈ ಕಾರ್ಖಾನೆಯ ಡಬ್ಬಿಗಳ ಮಾಡೆಲ್) ಇದಾವೆ, ಅದ್ರಲ್ಲಿ ಒಂದು ಮಾತ್ರ ಪಾಯಿಂಟ್ಸ್ (ಹಳಿ ಕವಲೊಡೆಯೋ ಜಾಗ) ದಾಟುವಾಗ ಟಕ್ ಅಂತ ಎಗರಿ ಹಳಿ ಬಿಡುತ್ತೆ, ರಿವರ್ಸಲ್ಲಂತೂ ಗ್ಯಾರಂಟಿ. ತೂಗಿದ್ರೆ 110 ಗ್ರಾಂ. ತೂಕ ಜಾಸ್ತಿ ಮಾಡಿದ್ರೆ ಸರಿಹೋಗುತ್ತಾ?

ಗೋಣಿಕೊಪ್ಪದಿಂದ:
ತೂಕದ ಸುದ್ದಿಗೆ ಈಗ್ಲೇ ಹೋಗ್ಬೇಡಿ ಸಾರ್. ಮಿಕ್ಕ ನಾಲ್ಕೂ ಅದೇ ಪಾಯಿಂಟ್ಸ್ ಆರಾಮಾಗಿ ದಾಟ್ತಿವೆ ಅಂದ್ಮೇಲೆ ಆ ಕೋಚಿನ ಚಕ್ರದಲ್ಲೇ ಏನೋ ಇದೆ. ಹಳಿ ಗೇಜು 16.5 ಮಿ.ಮೀ., ಚಕ್ರಗಳ ಒಳಮೈ ನಡುವೆ 14.4ರ ಹತ್ರ ಇರ್ಬೇಕು, ಕ್ಯಾಲಿಪರ್ ಇಟ್ಟು ನಾಲ್ಕೂ ಆಕ್ಸಲ್ ನೋಡಿ. ಕಮ್ಮಿ ಇದ್ರೆ ಚಕ್ರದ ಬೆನ್ನು ಚೆಕ್ ರೈಲಿಗೆ (ಪಾಯಿಂಟ್ಸಲ್ಲಿ ಹಳಿ ಒಳಗಡೆ ಇರೋ ಕಾವಲು ಹಳಿ) ಉಜ್ಜಿ ಮೇಲೆ ಹತ್ತುತ್ತೆ, ಆಮೇಲೆ ಸೀಸ ತುಂಬಿದ್ರೂ ಅಷ್ಟೇ, ಭಾರವಾಗಿ ಬೀಳುತ್ತೆ.

ಮಡಿಕೇರಿಯಿಂದ:
ಒಂದು ಆಕ್ಸಲ್ 13.8 ತೋರಿಸ್ತಿದೆ! ಏನ್ ಮಾಡ್ಲಿ?

ಗೋಣಿಕೊಪ್ಪದಿಂದ:
ಕಬ್ಬಿಣದ ಆಕ್ಸಲ್ಲಾದ್ರೆ ಚಕ್ರ ಹಿಡ್ಕೊಂಡು ತಿರುಗಿಸ್ತಾ ಮೆಲ್ಲಗೆ ಹೊರಗೆಳೀರಿ, ಎರಡೂ ಕಡೆ ಸಮವಾಗಿ. ಪ್ಲಾಸ್ಟಿಕ್ಕಲ್ಲಿ ಒಂದೇ ಅಚ್ಚಾಗಿ ಬಂದಿದ್ರೆ ಆಗಲ್ಲ, ಮೆಟಲ್ ಚಕ್ರ ತರಿಸಿ, ಆದ್ರೆ ಆಕ್ಸಲ್ ಉದ್ದ ಅಳೆದು ಆರ್ಡರ್ ಮಾಡಿ, ಕಂಪನಿ ಕಂಪನಿಗೂ ಬೇರೆ ಇರುತ್ತೆ. ಹಾಗೇ ಒಂದು ಕಡೆ ಟ್ರಕ್ಕಿನ (ಕೋಚ್ ಕೆಳಗೆ ಚಕ್ರ ಕೂರೋ ಚೌಕಟ್ಟು) ಸ್ಕ್ರೂ ಅಲ್ಲಾಡದ ಹಾಗೆ, ಆದ್ರೆ ತಿರುಗೋಷ್ಟು ಬಿಗಿ ಮಾಡಿ, ಇನ್ನೊಂದು ಕಡೇದು ಸ್ವಲ್ಪ ಸಡಿಲ ಬಿಡಿ. ಹಳಿ ಅಲ್ಲಲ್ಲಿ ಏರುಪೇರಿದ್ರೂ ಆಗ ಚಕ್ರ ಎಲ್ಲಾ ಕೂತಿರುತ್ತೆ.

ವಿರಾಜಪೇಟೆಯಿಂದ:
ಅದಾದ್ಮೇಲೆ ತೂಕಾನೂ ಹಾಕಿ, 110 ಕಮ್ಮಿನೇ. ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಲೆಕ್ಕ ಒಂದು ಔನ್ಸ್ ಜೊತೆಗೆ ಇಂಚಿಗೆ ಅರ್ಧ ಔನ್ಸ್, ನಿಮ್ಮ ಕೋಚ್ ಪೂರ್ತಿ ಎಚ್‌ಒ ಅಳತೇಲೇ ಇದ್ರೆ 245 ಮಿ.ಮೀ. ಉದ್ದ, 165 ಗ್ರಾಂ ಹತ್ರ ಬರುತ್ತೆ. ಟೈರ್ ಅಂಗಡೀಲಿ ವೀಲ್ ಬ್ಯಾಲೆನ್ಸಿಂಗಿಗೆ ಅಂಟಿಸ್ತಾರಲ್ಲ, ಆ 5, 10 ಗ್ರಾಂ ತುಂಡು ಕೇಳಿ ತಗೊಳ್ಳಿ, ಫ್ಲೋರ್ ಮೇಲೆ ಎರಡೂ ಟ್ರಕ್ಕಿನ ನೇರಕ್ಕೆ ಸಮ ಹಂಚಿ. ಕಬ್ಬಿಣದ ಮೊಳೆ ಗಿಳೆ ಹಾಕ್ಬೇಡಿ, ನಮ್ಮ ಮಳೆಗಾಲದ ಶೀತಕ್ಕೆ ತುಕ್ಕು ಹಿಡಿಯುತ್ತೆ. ಆಕ್ಸಲ್ ತುದಿಗೆ ಎಣ್ಣೆನೂ ಬೇಡ, ಧೂಳು ಹಿಡ್ಕೊಳುತ್ತೆ, ಗ್ರಾಫೈಟ್ ಪುಡಿ ಒಂದು ಚಿಟಿಕೆ ಸಾಕು.

ಮಡಿಕೇರಿಯಿಂದ:
14.4 ಮಾಡ್ದೆ, ತೂಕ ಇನ್ನೂ ಹಾಕಿಲ್ಲ, ಆಗ್ಲೇ ರಿವರ್ಸಲ್ಲೂ ಹಳಿ ಬಿಡ್ತಿಲ್ಲ! ಥ್ಯಾಂಕ್ಸ್ ಇಬ್ರಿಗೂ. ಆದ್ರೆ ಈಗ ಅದ್ರ ಹಿಂದಿನ ಕೋಚ್ ಕಳಚ್ಕೊಂಡು ನಿಲ್ತಿದೆ.

ಗೋಣಿಕೊಪ್ಪದಿಂದ:
ಎರಡೂ ಕಪ್ಲಿಂಗ್ ಒಂದೇ ಎತ್ತರದಲ್ಲಿವೆಯಾ? ಪಕ್ಕದಿಂದ ಫೋಟೋ ಹಾಕಿ.