ಅಪ್ಪನ ಸ್ಕೂಟರ್ ಹತ್ತಲು ಮುಜುಗರ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಪತ್ರದ ಸಾರ: ‘ನನಗೆ 29. ಅಪ್ಪ ಅಂದರೆ ಜೀವ, ಅಮ್ಮನ ಜೊತೆ ದಿನಾ ಜಗಳ. ನೋಡಲು ಬಂದ ಗಂಡುಗಳನ್ನೆಲ್ಲ ಅಪ್ಪನಿಗೆ ಹೋಲಿಸಿ ಬೇಡ ಅಂದಿದ್ದೇನೆ. ನಿನಗೆ ಎಲೆಕ್ಟ್ರಾ ಕಾಂಪ್ಲೆಕ್ಸ್, ಅಂದರೆ ಅಪ್ಪನ ಮೇಲೇ ಆಸೆ, ಅಮ್ಮನ ಮೇಲೆ ಹೊಟ್ಟೆಕಿಚ್ಚು ಇದೆ ಅಂದಳು ಗೆಳತಿ. ಅವತ್ತಿನಿಂದ ಅಪ್ಪನ ಸ್ಕೂಟರ್ ಹಿಂದೆ ಕೂರಲೂ ಮುಜುಗರ. ಇದು ಕಾಯಿಲೆಯಾ?’

*

ಕಾಯಿಲೆ ಅಲ್ಲಮ್ಮಾ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಪಟ್ಟಿಗಳಲ್ಲಿ ಈ ಹೆಸರೇ ಇಲ್ಲ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಟ್ಟವಳು. ಈ ಪಾಠ ಬಂದ ದಿನ ಕ್ಲಾಸಿನಲ್ಲಿ ಕಿಸಕ್ಕನೆ ನಗು, ಆಮೇಲೆ ವಾರಗಟ್ಟಲೆ ಒಬ್ಬಳನ್ನೊಬ್ಬಳು ಇದೇ ಹೆಸರಿಟ್ಟು ಚುಡಾಯಿಸುವುದು. ನಿನ್ನ ಗೆಳತಿಯೂ ಅರ್ಧ ಪಾಠಕ್ಕೇ ಎದ್ದು ಬಂದವಳಿರಬೇಕು.

ಹೆಸರಿಟ್ಟವನು ಮನೋವೈದ್ಯ ಯೂಂಗ್, 1913ರಲ್ಲಿ. ಗಂಡುಮಗುವಿಗೆ ಅಮ್ಮನ ಮೇಲೆ ಆಸೆ, ಅಪ್ಪನ ಮೇಲೆ ಹೊಟ್ಟೆಕಿಚ್ಚು ಅಂತ ಮನೋವಿಶ್ಲೇಷಣೆ ಶುರುಮಾಡಿದ ವಿಯೆನ್ನಾದ ಡಾಕ್ಟರು ಫ್ರಾಯ್ಡ್ ಹೇಳಿದ್ದನಲ್ಲ, ಅದನ್ನೇ ಹೆಣ್ಣುಮಗುವಿಗೆ ತಿರುಗಿಸಿ, ಗ್ರೀಕ್ ಕಥೆಯ ಎಲೆಕ್ಟ್ರಾಳನ್ನು ಎಳೆದು ತಂದ. ಆ ಕಥೆಯನ್ನಾದರೂ ನೋಡು. ಅವಳ ಅಪ್ಪನನ್ನು ಅಮ್ಮನೇ ಪ್ರಿಯಕರನ ಜೊತೆ ಸೇರಿ ಕೊಲ್ಲುತ್ತಾಳೆ, ಮಗಳು ತಮ್ಮನ ಕೈಯಿಂದ ಸೇಡು ತೀರಿಸಿಕೊಳ್ಳುತ್ತಾಳೆ. ನಿಮ್ಮನೆಯಲ್ಲಿ ಆಗೋದು ಸಾರಿಗೆ ಉಪ್ಪು ಜಾಸ್ತಿ ಅನ್ನೋ ಜಗಳ.

ಆ ಹೆಸರು ಫ್ರಾಯ್ಡ್‌ಗೇ ಹಿಡಿಸಲಿಲ್ಲ. ಹುಡುಗ, ಹುಡುಗಿ ಇಬ್ಬರೂ ಬೆಳೆಯುವ ದಾರಿ ಒಂದೇ ಅಲ್ಲ ಅಂತ ಅವನ ವಾದ. ಎಪ್ಪತ್ತೈದರ ಹೊತ್ತಿಗೆ, 1931ರಲ್ಲಿ, ಅವನು ಬರೆದದ್ದನ್ನು ನೀನು ಓದಬೇಕು. ಅಪ್ಪನನ್ನು ಬಹಳ ಹಚ್ಚಿಕೊಂಡ ಹೆಣ್ಣುಮಕ್ಕಳು ಅದಕ್ಕೂ ಮುಂಚೆ ಅಮ್ಮನನ್ನು ಅಷ್ಟೇ ಹಚ್ಚಿಕೊಂಡಿದ್ದರು, ಅದು ತನಗೆ ಕಂಡದ್ದೇ ತಡವಾಗಿ ಅನ್ನುತ್ತಾನೆ. ಗ್ರೀಕ್ ನಾಗರಿಕತೆಯ ಹಿಂದೆ ಇನ್ನೂ ಹಳೆಯದೊಂದು ನಾಗರಿಕತೆ ಸಿಕ್ಕಿತಲ್ಲ, ಅಂಥ ಆಶ್ಚರ್ಯ ಅಂತೆ. ಅಂದರೆ ಅವನ ಲೆಕ್ಕದಲ್ಲೂ, ನಿನ್ನ ಅಪ್ಪನ ಪ್ರೀತಿಯನ್ನು ಅಗೆಯುತ್ತಾ ಹೋದರೆ ಅಡಿಯಲ್ಲಿ ಸಿಗುವವಳು ಅಮ್ಮ. ನೀನು ಪತ್ರಿಕೆಗೆ ಕಳಿಸಿದ ಪತ್ರದಲ್ಲಿ ಅಪ್ಪನ ಬಗ್ಗೆ ಎಷ್ಟು ಸಾಲು, ಅಮ್ಮನ ಬಗ್ಗೆ ಎಷ್ಟು ಸಾಲು ಬರೆದೆ, ಎಣಿಸಿ ನೋಡು.

ಹಾಗಂತ ಅವನು ಹೇಳಿದ್ದೆಲ್ಲ ಸರಿ ಅಂತಲ್ಲ. ಹುಡುಗಿಯರಿಗೆ ಗಂಡಸಿನ ಅಂಗದ ಮೇಲೆ ಅಸೂಯೆ ಅಂದ. ಬಸಿರು, ಹೆರಿಗೆ, ಹಾಲೂಡಿಸೋದು ಇವುಗಳ ಮೇಲೆ ಗಂಡಸರಿಗಿರುವ ಅಸೂಯೆ ಕಡಿಮೆಯೇನಲ್ಲ ಅಂತ 1926ರಲ್ಲಿ ಮನೋವಿಶ್ಲೇಷಕಿ ಕರೆನ್ ಹಾರ್ನಿ ತಿರುಗಿಸಿ ಹೇಳಿದಳು. ಭೇಷ್!
– ನಿವೃತ್ತ ಉಪನ್ಯಾಸಕಿ, ಮೈಸೂರು

*

ನಿನ್ನ ಪತ್ರ ಓದಿ ನಕ್ಕೆ ಮಗಳೇ, ನಮ್ಮನೆ ಕಥೆಯೇ ಅದು. ಸಂಜೆ ಬಂದು ಒಂದು ಗಂಟೆ ಮುದ್ದು ಮಾಡೋದು ಅಪ್ಪನ ಕೆಲಸ. ಎಬ್ಬಿಸೋದು, ಸಿಕ್ಕು ಬಿಡಿಸಿ ಜಡೆ ಹಾಕೋದು, ಓದು ಅನ್ನೋದು, ಕತ್ತಲಾಗೋದರೊಳಗೆ ಮನೆಗೆ ಬಾ ಅನ್ನೋದು ಅಮ್ಮನ ಕೆಲಸ. ಹೀಗೆ ಹಂಚಿಕೊಂಡ ಮೇಲೆ ಮಗಳು ಯಾರ ಕಡೆ ವಾಲುತ್ತಾಳೆ ಅಂತ ಹೇಳೋಕೆ ವಿಯೆನ್ನಾದ ಡಾಕ್ಟರು ಬೇಕಾ?

ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡ. ಬಂದ ಗಂಡುಗಳನ್ನು ಅಪ್ಪನಿಗೆ ಹೋಲಿಸ್ತೀಯಲ್ಲ, ನಿನಗೆ ಗೊತ್ತಿರೋದು ಮಗಳ ಅಪ್ಪ. ನೀನು ಹುಡುಕ್ತಿರೋದು ಗಂಡನನ್ನು. ಗಂಡನಾಗಿ ಆ ಮನುಷ್ಯ ಹೇಗೆ ಅಂತ ಗೊತ್ತಿರೋದು ನಿಮ್ಮನೆಯಲ್ಲಿ ಒಬ್ಬಳಿಗೇ. ಅವಳ ಜೊತೆಯೇ ನೀನು ದಿನಾ ಜಗಳ ಆಡ್ತೀಯ. ಅಡುಗೆಮನೆಯಲ್ಲಿ ಅವರೇಕಾಳು ಬಿಡಿಸುತ್ತಾ ಪಕ್ಕದಲ್ಲಿ ಕೂತು ಕೇಳು, ಜಗಳ ಆದರೂ ಆಗಲಿ.
– ಮೂವರು ಹೆಣ್ಣುಮಕ್ಕಳ ತಾಯಿ, ತಿಪಟೂರು

*

ನನಗೆ ಸಿಟ್ಟು ಬಂದದ್ದು ನಿಮ್ಮ ಗೆಳತಿಯ ಮೇಲೆ. ಇಂಥ ಮಾತನ್ನು ಹುಡುಗಿಯರ ಮೇಲೆ ಎಸೆಯೋದು ಹೊಸದೇನಲ್ಲ. 1900ರಲ್ಲಿ ಹದಿನೆಂಟರ ಹುಡುಗಿಯೊಬ್ಬಳನ್ನು ಅವಳಪ್ಪನೇ ಫ್ರಾಯ್ಡ್ ಹತ್ತಿರ ಕರೆತಂದ. ಫ್ರಾಯ್ಡ್ ಅವಳಿಗೆ ಡೋರಾ ಅಂತ ಹೆಸರು ಬದಲಿಸಿ ಬರೆದ. ಅಪ್ಪನ ಸ್ನೇಹಿತ ಅವಳ ಮೈಮೇಲೆ ಬಿದ್ದಿದ್ದ. ಅವನ ಹೆಂಡತಿಯ ಜೊತೆ ಅಪ್ಪನಿಗೇ ಸಂಬಂಧ ಇತ್ತು. ಹೀಗಾಗಿ ಅಪ್ಪ, ಎಲ್ಲ ಮಗಳ ಕಲ್ಪನೆ ಅಂದುಬಿಟ್ಟ. ಫ್ರಾಯ್ಡ್ ಅವಳ ಮಾತನ್ನು ನಂಬಿದ, ಆದರೆ ನಿನಗೇ ಒಳಗೊಳಗೆ ಆ ಸ್ನೇಹಿತನ ಮೇಲೆ ಆಸೆ, ಹಿಂದೆ ಅಪ್ಪನ ಮೇಲಿದ್ದ ಆಸೆಯೂ ಇದರಲ್ಲಿ ಸೇರಿದೆ ಅಂತ ಅರ್ಥ ಹೇಳಲು ಹೋದ. ಹನ್ನೊಂದು ವಾರ ಕೇಳಿ ಕೇಳಿ ಹುಡುಗಿ ಎದ್ದು ಹೋದಳು. ಸರಿಯಾಗೇ ಮಾಡಿದಳು. ಇದೇ ಫ್ರಾಯ್ಡ್ ಸ್ವಂತ ಮಗಳು ಅನ್ನಾಳನ್ನೂ 1918ರಲ್ಲಿ ತಾನೇ ಮನೋವಿಶ್ಲೇಷಣೆಗೆ ಕೂರಿಸಿಕೊಂಡ! ಇವತ್ತು ಯಾವ ಕೌನ್ಸೆಲರ್ ಹಾಗೆ ಮಾಡಿದರೂ ಒಪ್ಪುವವರಿಲ್ಲ.

ನಿದ್ದೆ ಕೆಡುವಷ್ಟು ಕಾಡುತ್ತಿದ್ದರೆ ಗೆಳತಿಯ ಹತ್ತಿರ ಹೇಳಿಕೊಳ್ಳಬೇಡಿ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.
– ಓದುಗಿ, ಹುಬ್ಬಳ್ಳಿ

*

ಫ್ರಾಯ್ಡ್ ಗೀಯ್ಡ್ ನನಗೆ ಗೊತ್ತಿಲ್ಲ, ನಾನು ಇಬ್ಬರು ಹೆಣ್ಣುಮಕ್ಕಳ ಅಪ್ಪ. ದೊಡ್ಡವಳು ಪಿಯುಸಿಯಲ್ಲಿದ್ದಾಗ ಒಂದು ಬೆಳಿಗ್ಗೆ, ಇನ್ಮೇಲೆ ಬೈಕಲ್ಲಿ ಬರಲ್ಲ, ಬಸ್ಸಿಗೇ ಹೋಗ್ತೀನಿ ಅಂದಳು. ನಾನೇನು ತಪ್ಪು ಮಾಡಿದೆ, ಜೋರಾಗಿ ಬೈದೆನಾ, ಯಾರ ಮುಂದಾದರೂ ಅವಮಾನ ಮಾಡಿದೆನಾ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ, ಕೇಳೋಕೆ ಮಾತ್ರ ಬಾಯಿ ಬರಲಿಲ್ಲ. ಅವಳ ಮದುವೆ ಆದ ಮೇಲೆ ಗೊತ್ತಾಯಿತು, ಹೆಲ್ಮೆಟ್ ಹಾಕಿದರೆ ಜಡೆ ಕೆಡ್ತಿತ್ತಂತೆ.

ನಿಮ್ಮಪ್ಪನೂ ಈಗ ಹಾಗೇ ಒದ್ದಾಡ್ತಿರಬಹುದು. ಅವರಿಗೆ ಏನಾದರೂ ಒಂದು ಕಾರಣ ಹೇಳಮ್ಮಾ. ನಿಜ ಹೇಳೋಕೆ ಕಷ್ಟ ಆದರೆ ಹೆಲ್ಮೆಟ್ ಅಂತಲಾದರೂ ಹೇಳು.
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ