ದವಡೆ ಕೀಲಿನ ಕಟ್ ಸದ್ದು ನಿಂತಿದೆ, ಬಾಯಿ 28 ಮಿಮೀ ಮಾತ್ರ ತೆರೆಯುತ್ತಿದೆ: ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರಿಸುವ ಕವಚ) ಕೊಡಬಹುದೇ?

ಪ್ರಶ್ನೆ (ದಂತವೈದ್ಯೆ, ಕೊಥ್ರೂಡ್, ಪುಣೆ)
ರೋಗಿಗೆ 26 ವರ್ಷ, ಹಿಂಜವಡಿಯಲ್ಲಿ ಕೆಲಸ. ಬಹಳ ದಿನಗಳಿಂದ ಎಡಗಿವಿಯ ಮುಂದೆ ‘ಕಟ್’ ಎನ್ನುತ್ತಿತ್ತಂತೆ. 3 ವಾರದ ಹಿಂದೆ ಬೆಳಗ್ಗೆ ಎದ್ದಾಗ ಸದ್ದಿಲ್ಲ, ಬಾಯಿಯೂ ಪೂರ್ತಿ ತೆರೆಯುತ್ತಿಲ್ಲ. ‘ಜಬಡಾ ಅಡಕ್ಲಾಯ್’ (ಮರಾಠಿಯಲ್ಲಿ, ದವಡೆ ಸಿಕ್ಕಿಕೊಂಡಿದೆ) ಎಂದೇ ಬಂದಿದ್ದಾರೆ. ತೆರೆಯುವಾಗ ದವಡೆ ಎಡಕ್ಕೆ ಸರಿಯುತ್ತದೆ. ಇಎನ್‌ಟಿಯವರು ಕಿವಿ ಸರಿಯಿದೆ ಎಂದಿದ್ದಾರೆ. ಓಪಿಜಿಯಲ್ಲಿ (ಇಡೀ ದವಡೆಯ ಎಕ್ಸ್-ರೇ) ಕಾಂಡೈಲ್, ಅಂದರೆ ಕೀಲಿನಲ್ಲಿ ಕೂರುವ ಕೆಳದವಡೆಯ ತುದಿ, ನಾರ್ಮಲ್. 38 (ಕೆಳಗಿನ ಎಡ ಬುದ್ಧಿಹಲ್ಲು) ಅರ್ಧ ಹುಗಿದಿದೆ, ಸುತ್ತ ಊತವಾಗಲಿ ಕೀವಾಗಲಿ ಇಲ್ಲ. 38 ತೆಗೆಯಲೇ, ಮೆತ್ತನೆಯ ನೈಟ್‌ಗಾರ್ಡ್ ಕೊಡಲೇ, ಎಂಆರ್‌ಐ ಮಾಡಿಸಲೇ?

ಉತ್ತರ (ದಾದರ್, ಮುಂಬೈ)
ಮೇಡಂ, 38ಕ್ಕೆ ಸದ್ಯ ಕೈ ಹಾಕಬೇಡಿ. ಇಷ್ಟೇ ತೆರೆಯುವ ಬಾಯಲ್ಲಿ ಬುದ್ಧಿಹಲ್ಲು ಕೀಳಲು ಹೋದರೆ ಆ ಭಾರವೆಲ್ಲ ಕೀಲಿಗೇ ಬೀಳುತ್ತದೆ.

ಸದ್ದು ನಿಂತದ್ದು ಗುಣವಾದ ಲಕ್ಷಣವಲ್ಲ. ಮೊದಲು ಡಿಸ್ಕ್ (ಕೀಲಿನೊಳಗಿನ ಮೆತ್ತೆ) ಮುಂದಕ್ಕೆ ಜಾರಿ, ಬಾಯಿ ತೆರೆದಾಗ ಮತ್ತೆ ಕಾಂಡೈಲ್ ಮೇಲೆ ಬಂದು ಕೂರುತ್ತಿತ್ತು, ಆಗ ‘ಕಟ್’. ಈಗ ಮುಂದೆಯೇ ಸಿಕ್ಕಿಕೊಂಡಿರಬೇಕು. ಕಾಂಡೈಲ್ ತಿರುಗುತ್ತದೆ, ಮುಂದಕ್ಕೆ ಜಾರುವುದಿಲ್ಲ. ಹಾಗಾಗಿ ಬಾಯಿ ಅರ್ಧದಲ್ಲೇ ನಿಲ್ಲುತ್ತದೆ.

ಅಳತೆಗಳನ್ನು ಬರೆದಿಡಿ. ಮುಂಬಲ್ಲುಗಳ ಅಂಚಿನ ನಡುವಿನ ಅಂತರಕ್ಕೆ ಓವರ್‌ಬೈಟ್ (ಕಚ್ಚಿದಾಗ ಮೇಲಿನ ಮುಂಬಲ್ಲು ಕೆಳಗಿನದನ್ನು ಮುಚ್ಚುವಷ್ಟು) ಸೇರಿಸಿ. ಆಮೇಲೆ ಹೆಬ್ಬೆರಳು ಮೇಲಿನ ಹಲ್ಲಿಗೆ, ತೋರುಬೆರಳು ಕೆಳಗಿನದಕ್ಕೆ ಇಟ್ಟು ಮೆಲ್ಲಗೆ ಅಗಲಿಸಿ. 5 ಮಿಮೀಗೂ ಹೆಚ್ಚು ಬಗ್ಗಿದರೆ ಸ್ನಾಯುವಿನ ಬಿಗಿತದ ಕಡೆ ಯೋಚಿಸಿ. ಗೋಡೆಗೆ ತಾಗಿದಂತೆ ನಿಂತರೆ ಡಿಸ್ಕ್. ದವಡೆ ಕೀಲಿನ ತೊಂದರೆ ಗುರುತಿಸುವ 2014ರ ಡಿಸಿ/ಟಿಎಂಡಿ ಮಾನದಂಡದಲ್ಲಿ, ಡಿಸ್ಕ್ ಸಿಕ್ಕಿಕೊಂಡಿದೆ ಎನ್ನಲು ಹೀಗೆ ಅಗಲಿಸಿದ ಅಳತೆ, ಓವರ್‌ಬೈಟ್ ಸೇರಿ, 40 ಮಿಮೀಗಿಂತ ಕಡಿಮೆ ಇರಬೇಕು. ಬಲಕ್ಕೆ ಮತ್ತು ಎಡಕ್ಕೆ ದವಡೆ ಎಷ್ಟು ಸರಿಯುತ್ತದೆ ನೋಡಿ.

ಅಗಿಯುವ ಸ್ನಾಯುಗಳಾದ ಮ್ಯಾಸೆಟರ್ (ಕೆನ್ನೆ), ಟೆಂಪೊರಾಲಿಸ್ (ಕಪಾಲ) ಒತ್ತಲು 1 ಕೆಜಿ, ಕೀಲಿನ ಹೊರಬದಿಗೆ ಅರ್ಧ ಕೆಜಿ, 2 ಸೆಕೆಂಡು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒತ್ತಿ ಬೆರಳಿಗೆ ಅಂದಾಜು ಹಿಡಿಸಿಕೊಳ್ಳಿ. ಒತ್ತಿದಾಗ ನೋವಾಗುತ್ತದೆಯೇ ಎಂದಷ್ಟೇ ಕೇಳಿದರೆ ಸಾಲದು. ‘ದಿನಾ ಬರುವ ನೋವು ಇದೇನಾ?’ ಎಂದು ಕೇಳಬೇಕು.

ಉತ್ತರ (ಡೊಂಬಿವಲಿ)
ಡಾಕ್ಟ್ರೇ, ಗ್ಲೌಸ್ ಹಾಕಿದ ಬೆರಳನ್ನು ಕೆನ್ನೆಯ ಒಳಗೆ ಆಡಿಸಿ ನೋಡ್ರಿ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧ ಇದ್ದರೂ ಮಾವಾ (ತಂಬಾಕು ಬೆರೆಸಿದ ಅಡಿಕೆ), ಸುಪಾರಿ ತಿನ್ನೋರು ಇದ್ದೇ ಇದ್ದಾರೆ. ಬಿಳಿಚಿದ ಗಟ್ಟಿ ಪಟ್ಟಿ ಸಿಕ್ಕು, ಖಾರ ತಿಂದರೆ ಉರಿ ಅಂದರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರ ಗಟ್ಟಿಯಾಗುವ ರೋಗ). ಅದು ನಿಧಾನಕ್ಕೆ ಬಾಯಿ ಮುಚ್ಚಿಸುತ್ತದೆ, ಒಂದೇ ರಾತ್ರಿಯಲ್ಲಿ ಅಲ್ಲ.

ಈ ರೋಗಿಗೆ ಅನ್ವಯಿಸಲಿಕ್ಕಿಲ್ಲ, ಆದರೂ: 50 ದಾಟಿದವರಿಗೆ ಅಗಿಯುತ್ತಾ ಹೋದಂತೆ ದವಡೆ ನೋವು, ಜೊತೆಗೆ ಹೊಸ ತಲೆನೋವು ಇದ್ದರೆ ಅವತ್ತೇ ಇಎಸ್‌ಆರ್, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆಗಳು) ಮಾಡಿಸಿ ಫಿಸಿಷಿಯನ್ ಬಳಿ ಕಳಿಸ್ರಿ, ಜೈಂಟ್ ಸೆಲ್ ಆರ್ಟರೈಟಿಸ್ (ರಕ್ತನಾಳದ ಉರಿಯೂತ) ಆಗಿದ್ದರೆ ದೃಷ್ಟಿಯೇ ಹೋಗಬಹುದು. ಮೆಟ್ಟಿಲು ಹತ್ತಿದಾಗ ಬಂದು ನಿಂತರೆ ಇಳಿಯುವ ದವಡೆ ನೋವು ಹೃದಯದ್ದಿರಬಹುದು, ಅದಕ್ಕೆ ಇಸಿಜಿ ಮೊದಲು.

ಪ್ರಶ್ನೆ ಕೇಳಿದವರು
ಅಳೆದೆ. ಓವರ್‌ಬೈಟ್ ಸೇರಿ 31, ಅಗಲಿಸಿದರೆ 33, ಗಟ್ಟಿಯಾಗಿ ನಿಲ್ಲುತ್ತದೆ. ಬಲಕ್ಕೆ 4, ಎಡಕ್ಕೆ 9. ಕೆನ್ನೆ ಮೆತ್ತಗಿದೆ. ಕೀಲು ಒತ್ತಿದರೆ ‘ಇದೇ ನೋವು’ ಎಂದರು.

ಉತ್ತರ (ಮಡಗಾಂವ್, ಗೋವಾ)
ಎಡ ಕೀಲಿನ ಡಿಸ್ಕ್ ಸಿಕ್ಕಿಕೊಂಡಿದೆ ಎನ್ನಲು ಇಷ್ಟು ಸಾಕು. 3 ವಾರವೇ ಆಗಿರುವುದರಿಂದ ಕೈಯಿಂದ ಬಿಡಿಸಲು ಒಮ್ಮೆ ಪ್ರಯತ್ನಿಸಬಹುದು: ಆರಿಕ್ಯುಲೊಟೆಂಪೊರಲ್ ಬ್ಲಾಕ್ (ಕೀಲಿನ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟು, ಹೆಬ್ಬೆರಳಿಗೆ ಗಾಜ್ ಸುತ್ತಿ ಎಡ ಕೆಳದವಡೆಹಲ್ಲುಗಳ ಮೇಲಿಟ್ಟು, ಮೊದಲು ಕೆಳಕ್ಕೆ, ಆಮೇಲೆ ಮುಂದಕ್ಕೆ ಎಳೆದು ಹಿಡಿಯಿರಿ. ದವಡೆಯನ್ನು ಬಲಕ್ಕೆ ಸರಿಸಲು ಹೇಳಿ. ಬಲಪ್ರಯೋಗ ಬೇಡ.

ಬಿಡದಿದ್ದರೂ ಗಾಬರಿ ಬೇಡ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಬಾಯಿ ಸಡಿಲವಾಗುತ್ತದೆ. ಊಟದ ನಂತರ ನ್ಯಾಪ್ರಾಕ್ಸೆನ್ 500 ಮಿಗ್ರಾಂ ದಿನಕ್ಕೆರಡು, 10 ದಿನ. ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ, ಗರ್ಭ ಇದೆಯೇ ಎಂದು ಮೊದಲು ಕೇಳಿ. ಬಿಸಿ ಶಾಖ 10–15 ನಿಮಿಷ, ಮೆತ್ತನೆಯ ಊಟ. ತುಟಿ ಕೂಡಿರಲಿ, ಹಲ್ಲು ತಾಗದಿರಲಿ.

ಮೆತ್ತನೆಯ ಗಾರ್ಡ್ ಕಚ್ಚಿ ಕೆಲವರು ಇನ್ನಷ್ಟು ಬಿಗಿಯುತ್ತಾರೆ. ಮುಂಬಲ್ಲಿಗೆ ಮಾತ್ರ ಕೂರಿಸುವ ಸ್ಪ್ಲಿಂಟ್ ಕೊಟ್ಟರೆ ದವಡೆಹಲ್ಲು ಮೇಲೆದ್ದು ಓಪನ್ ಬೈಟ್ (ಕಚ್ಚಿದರೂ ಮುಂಬಲ್ಲು ಕೂಡದ ಸ್ಥಿತಿ) ಆಗುವ ಅಪಾಯ. ಈಗ ಹಲ್ಲಿನ ಅಚ್ಚು ತೆಗೆಯಲು ಟ್ರೇಯೂ ಸರಿಯಾಗಿ ಹೋಗದು. ಬಾಯಿ ಸ್ವಲ್ಪ ಬಿಟ್ಟ ಮೇಲೆ, ರಾತ್ರಿ ಹಲ್ಲು ಮಸೆಯುವ ಅಭ್ಯಾಸ ಕಂಡರೆ, ಮೇಲ್ದವಡೆಗೆ ಪೂರ್ತಿ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್ ಮಾಡಿಸಿ: ಸುಮಾರು 2 ಮಿಮೀ ದಪ್ಪ, ಕೆಳಗಿನ ಎಲ್ಲ ಹಲ್ಲೂ ಸಮವಾಗಿ ತಾಗುವಂತೆ, ರಾತ್ರಿ ಮಾತ್ರ. ಸ್ವಂತ ಹಲ್ಲನ್ನು ತೇಯ್ದು ಕಚ್ಚು ಸರಿಮಾಡಲು ಹೋಗಲೇಬೇಡಿ, ತೇಯ್ದದ್ದು ಮತ್ತೆ ಬರುವುದಿಲ್ಲ.

2 ವಾರಕ್ಕೊಮ್ಮೆ ಅದೇ ಸ್ಕೇಲಿನಿಂದ ಅಳೆಯಿರಿ. 6 ವಾರದಲ್ಲಿ ಅಳತೆ ಹೆಚ್ಚದಿದ್ದರೆ ಎಂಆರ್‌ಐ, ಎರಡೂ ಕೀಲು, ಬಾಯಿ ಮುಚ್ಚಿ ಮತ್ತು ತೆರೆದು. ಆಗಲೂ ಡಿಸ್ಕ್ ಸಿಕ್ಕಿಕೊಂಡೇ ಇದ್ದರೆ ಓರಲ್ ಸರ್ಜನ್ ಬಳಿ ಆರ್ತ್ರೊಸೆಂಟೆಸಿಸ್‌ಗೆ (ಸೂಜಿಯಿಂದ ಕೀಲಿನ ಒಳಗನ್ನು ತೊಳೆಯುವುದು) ಕಳಿಸಿ, ನಿಮ್ಮ ಅಳತೆಗಳ ಚೀಟಿಯನ್ನೂ ಜೊತೆಗಿಡಿ.