ಕಂಟೇನರಿಗೆ ತೂತು ಕೊರೆಯುವ ಯಂತ್ರ ಮತ್ತು ನಮ್ಮ ‘ಮನೆಮಂದಿ’ ಗುಂಪು

ಚಿಕ್ಕಪ್ಪ ಹಾಕುವ ವೀಡಿಯೊಗಳನ್ನು ನಮ್ಮ ಗುಂಪಿನಲ್ಲಿ ಯಾರೂ ಪೂರ್ತಿ ನೋಡುವುದಿಲ್ಲ. ಭಾನುವಾರದ್ದನ್ನು ಮಾತ್ರ ನಾನು ಎರಡು ಸಲ ನೋಡಿದೆ. ನಾವಿಕನೊಬ್ಬ ಉದ್ದನೆಯ ಕೋಲಿನ ತುದಿಯಲ್ಲಿ ಯಂತ್ರವೊಂದನ್ನು ಎತ್ತಿ, ಮೇಲಿನ ಸಾಲಿನ ಕಂಟೇನರಿನ ಬಾಗಿಲಿಗೆ ಸಿಕ್ಕಿಸುತ್ತಾನೆ. ಪೈಪಿನ ನೀರಿನ ಒತ್ತಡಕ್ಕೇ ಅದರ ಬೈರಿಗೆ ತಿರುಗುತ್ತದೆ, ಉಕ್ಕಿಗೆ ತೂತು ಬೀಳುತ್ತದೆ, ಆಮೇಲೆ ಅದೇ ನೀರು ಒಳಗೆ ಚಿಮ್ಮುತ್ತದೆ. ಮುಂದಿನ ಮಾತುಕತೆಯನ್ನು, ಶುಭೋದಯದ ಹೂವುಗಳನ್ನು ಕಿತ್ತು ಹಾಕಿ, ಇಲ್ಲಿ ಕೊಡುತ್ತಿದ್ದೇನೆ. ದೊಡ್ಡಪ್ಪ ತೈಲ ಶುದ್ಧೀಕರಣ ಘಟಕವೊಂದರ ಅಗ್ನಿಶಾಮಕ ವಿಭಾಗದಲ್ಲಿದ್ದು ನಿವೃತ್ತರಾದವರು. ಅತ್ತಿಗೆ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಾರೆ. ನಾನು ರಜೆಯಲ್ಲಿರುವ ಹಡಗಿನ ಎಂಜಿನಿಯರ್.

ಚಿಕ್ಕಪ್ಪ: ಇದೊಂದು ಇದ್ದಿದ್ದರೆ 2025ರ ಜೂನ್‌ನಲ್ಲಿ ಕೇರಳದ ಎದುರು ವಾನ್ ಹೈ 503 ಎಂಬ ಕಂಟೇನರ್ ಹಡಗು ಹಾಗೆ ಉರಿಯುತ್ತಿರಲಿಲ್ಲ. ಕೋಟಿಗಟ್ಟಲೆ ಸರಕು ಹೇರುವವರಿಗೆ ಒಂದು ಬೈರಿಗೆ ಕೊಳ್ಳಲು ಜಿಪುಣತನ! ಎಲ್ಲರಿಗೂ ಕಳಿಸಿ.

ನಾನು: ಚಿಕ್ಕಪ್ಪ, ಅಲ್ಲಿ ಸ್ಫೋಟ ಆದದ್ದು ಡೆಕ್ಕಿನ ಕೆಳಗೆ. ಇದು ಡೆಕ್ಕಿನ ಮೇಲಿನ ಪೆಟ್ಟಿಗೆಗಳಿಗೆ ಮಾಡಿದ್ದು.

ಚಿಕ್ಕಪ್ಪ: ಮೇಲಕ್ಕೂ ಹಬ್ಬಿತಲ್ಲ? ಟಿವಿಯಲ್ಲಿ ನಾವೆಲ್ಲ ನೋಡಿದ್ದೇನು ಹಾಗಾದರೆ?

ನಾನು: ಹಬ್ಬಿತು. ಅಷ್ಟು ಹೊತ್ತಿಗೆ 22 ಜನರಲ್ಲಿ 18 ಜನ ಹಡಗು ಬಿಟ್ಟಾಗಿತ್ತು, ನಾಲ್ವರು ಕಾಣೆಯಾಗಿದ್ದರು. ಉಳಿದವರನ್ನು ಐಎನ್‌ಎಸ್ ಸೂರತ್ ಪಣಂಬೂರಿಗೆ ಕರೆತಂದದ್ದು ನಿಮಗೇ ಗೊತ್ತು. ಬೈರಿಗೆ ಇದ್ದರೂ ಹಿಡಿಯುವವರು ಯಾರು?

ಚಿಕ್ಕಪ್ಪ: ಅದು ಬೇರೆ ಮಾತು. ಕಾನೂನು ಇದೆಯೋ ಇಲ್ಲವೋ, ಅದನ್ನು ಹೇಳು.

ಕಾನೂನು ಇದೆ. 2016ರ ಜನವರಿ 1ರಿಂದ ಈಚೆಗೆ ಕಟ್ಟಿದ, ಡೆಕ್ಕಿನ ಮೇಲೆ ಕಂಟೇನರ್ ಹೊರುವ ಪ್ರತಿ ಹಡಗಿನಲ್ಲೂ ಕನಿಷ್ಠ ಒಂದು ‘ವಾಟರ್ ಮಿಸ್ಟ್ ಲ್ಯಾನ್ಸ್’ ಇರಬೇಕು. ಅದು ಚೂಪು ಮೂತಿಯ ಉಕ್ಕಿನ ಕೊಳವೆ. ಕಂಟೇನರಿನ ಗೋಡೆಗೆ ಬಡಿದು ಚುಚ್ಚಿದರೆ ಒಳಗೆ ನೀರನ್ನು ಮಂಜಿನ ಹಾಗೆ ಹರಡುತ್ತದೆ. ಡೆಕ್ಕಿನ ಮೇಲೆ ಐದು ಅಥವಾ ಹೆಚ್ಚು ಅಂತಸ್ತು ಪೇರಿಸುವ ಹಡಗಾದರೆ ಮಾನಿಟರುಗಳೂ ಬೇಕು. ಕಂಪ್ಯೂಟರಿನವಲ್ಲ, ಅಲ್ಲಿಂದಿಲ್ಲಿಗೆ ಒಯ್ಯಬಹುದಾದ ನೀರಿನ ಫಿರಂಗಿಗಳು. ಹಡಗಿನ ಅಗಲ 30 ಮೀಟರಿಗಿಂತ ಕಡಿಮೆಯಾದರೆ ಎರಡು, ಇಲ್ಲವಾದರೆ ನಾಲ್ಕು. ಇದನ್ನೆಲ್ಲ ಬರೆದು, ವಾನ್ ಹೈ 503 ಕಟ್ಟಿದ್ದು 2005ರಲ್ಲಿ ಎಂದೂ ಸೇರಿಸಿದೆ. ಸೇರಿಸಬಾರದಿತ್ತು.

ಚಿಕ್ಕಪ್ಪ: ನೋಡಿ! ಹಳೆಯ ಹಡಗುಗಳಿಗೆ ರಿಯಾಯಿತಿ. ಬೆಂಕಿ ಏನು ಹಡಗಿನ ಜಾತಕ ನೋಡಿ ಹತ್ತುತ್ತದೆಯೇ?

ಅತ್ತಿಗೆ: ಮಾವ ಹೇಳಿದ್ದರಲ್ಲಿ ಅದೊಂದು ಸರಿ ಇದೆ.

ನಾನು: ಸರಿ ಇದೆ, ಒಪ್ಪಿದೆ. ಆದರೆ 2024ರ ಜುಲೈ 19ರಂದು ಕಾರವಾರದ ಎದುರು ಉರಿದ ಮೇರ್ಸ್ಕ್ ಫ್ರಾಂಕ್‌ಫರ್ಟ್ ಅದೇ ವರ್ಷದ ಹೊಸ ಹಡಗು, ನಿಯಮ ಪೂರ್ತಿ ಅನ್ವಯವಾಗುವಂಥದು. ಒಬ್ಬ ನಾವಿಕ ತೀರಿಕೊಂಡ, ಕೋಸ್ಟ್ ಗಾರ್ಡ್ ಹಡಗುಗಳು ದಿನಗಟ್ಟಲೆ ನೀರು ಹೊಡೆದವು, ಮೇಲಿನಿಂದ ರಾಸಾಯನಿಕ ಪುಡಿ ಸುರಿದರು. ಒಂದು ಪೆಟ್ಟಿಗೆಯ ಎತ್ತರ ಸುಮಾರು 2.6 ಮೀಟರ್. ಐದನೆಯ ಅಂತಸ್ತಿನ ಪೆಟ್ಟಿಗೆಗೆ ಸುತ್ತಿಗೆ ಹಿಡಿದು ಹತ್ತುವವನನ್ನು ನೀವು ಕಲ್ಪಿಸಿಕೊಳ್ಳಿ. ಗೋಡೆ ಕೆಂಪಗೆ ಕಾದಿರುತ್ತದೆ.

ಚಿಕ್ಕಪ್ಪ: ಅದಕ್ಕೇ ಅಲ್ಲವೇ ಕೋಲಿನ ತುದಿಯ ಯಂತ್ರ? ನಾನು ಹಾಕಿದ್ದನ್ನೇ ನೀನು ಸಮರ್ಥಿಸುತ್ತಿದ್ದೀಯ.

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಿಜಕ್ಕೂ ಅದು ಒಳ್ಳೆಯ ಯಂತ್ರ. ತೂತು ಬಿದ್ದ ಮೇಲೆ ಮನುಷ್ಯ ಅಲ್ಲಿ ನಿಲ್ಲಬೇಕಾಗಿಲ್ಲ, ಹಿಂದೆ ಸರಿದು ಪಕ್ಕದ ಪೆಟ್ಟಿಗೆಗಳನ್ನು ತಣಿಸಬಹುದು. ಹೊರಗಿನಿಂದ ಎಷ್ಟು ನೀರು ಸುರಿದರೂ ಉಕ್ಕಿನ ಪೆಟ್ಟಿಗೆಗೆ ಸ್ನಾನ ಆಗುತ್ತದೆಯೇ ಹೊರತು ಒಳಗಿನ ಬೆಂಕಿಗೆ ತಾಗುವುದಿಲ್ಲ. ನನ್ನ ತಕರಾರು ‘ಇದೊಂದು ಇದ್ದಿದ್ದರೆ’ ಎಂಬುದರ ಮೇಲೆ. ಅತ್ತಿಗೆ ಅದನ್ನು ನನಗಿಂತ ಚೆನ್ನಾಗಿ ಹೇಳಿದರು.

ಅತ್ತಿಗೆ: ಪೆಟ್ಟಿಗೆಯೊಳಗೆ ಏನಿದೆ ಎಂದು ಗೊತ್ತಿಲ್ಲದೆ ನೀರು ಬಿಡುವುದೇ? ಮಾವಿನಹಣ್ಣು ಮಾಗಿಸಲು ಕದ್ದು ಬಳಸುತ್ತಾರಲ್ಲ, ಆ ಕ್ಯಾಲ್ಸಿಯಂ ಕಾರ್ಬೈಡ್ ಇದ್ದರೆ? ನೀರು ತಾಗಿದ ಕೂಡಲೇ ಅಸಿಟಿಲೀನ್, ಗ್ಯಾಸ್ ವೆಲ್ಡಿಂಗಿನವರು ಉರಿಸುವ ಅನಿಲ. ಈಜುಕೊಳಕ್ಕೆ ಹಾಕುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಕಾದಾಗ ತಾನೇ ಆಮ್ಲಜನಕ ಬಿಡುತ್ತದೆ. ಹೊರಗಿನ ಗಾಳಿ ತಡೆದು ಪ್ರಯೋಜನವಿಲ್ಲ.

ನಾನು: ಅದನ್ನೇ ನಾನು ಹೇಳಬೇಕೆಂದಿದ್ದೆ. ಬೆಂಕಿಗೆ ಮೊದಲ ಉಪಕರಣ ಸರಕಿನ ಪಟ್ಟಿ. ಅಪಾಯಕಾರಿ ಸರಕು ಎಂದು ಬರೆದರೆ ಬಾಡಿಗೆ ಹೆಚ್ಚು, ಕೆಲವು ಕಂಪನಿಗಳು ಹೇರಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಕೆಲವರು ಸುಳ್ಳು ಬರೆಯುತ್ತಾರೆ. ಹುಕ್ಕಾದ ಇದ್ದಿಲು ಕೂಡ ತಾನಾಗಿ ಕಾದು ಹೊತ್ತಿಕೊಳ್ಳುವ ಸರಕು. ಈ ಇದ್ದಿಲಿನ ನಿಯಮ ಬಿಗಿಯಾದದ್ದು 2026ರಲ್ಲಿ. ಕಾಗದ ಸುಳ್ಳಾದರೆ ಲ್ಯಾನ್ಸ್ ಕುರುಡಾಗುತ್ತದೆ.

ಇಲ್ಲಿಗೆ ನಾನು ಗೆದ್ದೆ ಎಂದುಕೊಂಡೆ. ದೊಡ್ಡಪ್ಪ ಅಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದರು.

ದೊಡ್ಡಪ್ಪ: ಕಾಗದ ಬೆಂಕಿ ಆರಿಸಿದ್ದನ್ನು ನಾನು ನೋಡಿಲ್ಲ.

ದೊಡ್ಡಪ್ಪ: 1944ರ ಏಪ್ರಿಲ್ 14. ಮುಂಬೈ ವಿಕ್ಟೋರಿಯಾ ಡಾಕ್. ಫೋರ್ಟ್ ಸ್ಟಿಕೀನ್ ಹಡಗು. ಒಳಗೆ ಹತ್ತಿ ಮೂಟೆ ಮತ್ತು ಸುಮಾರು 1,400 ಟನ್ ಸ್ಫೋಟಕ. ಸ್ಫೋಟಕ ಇದೆ ಎಂದು ಹಡಗಿನವರಿಗೆ ಗೊತ್ತಿತ್ತು. ನಿನ್ನ ಕಾಗದ ಸರಿಯಾಗಿಯೇ ಇತ್ತು. 900 ಟನ್‌ಗಿಂತ ಹೆಚ್ಚು ನೀರು ತುಂಬಿದರು. ಹೊಗೆಯಲ್ಲಿ ಬೆಂಕಿಯ ಬುಡ ಸಿಗಲಿಲ್ಲ. ಸಿಡಿಯಿತು. ಅಗ್ನಿಶಾಮಕದವರೇ 66 ಜನ ಹೋದರು. ಅಗ್ನಿಶಾಮಕ ದಿನ ಎಂದು ಪ್ರತಿ ವರ್ಷ ನಾವು ಮೌನ ನಿಲ್ಲುತ್ತಿದ್ದದ್ದು ಅದಕ್ಕೆ. ಬುಡಕ್ಕೆ ತಲುಪುವ ಉಪಕರಣ ಬೇಕು ಎಂದರೆ ನಗಬೇಡ.

ನಾನು: ನಾನು ನಗಲಿಲ್ಲ ದೊಡ್ಡಪ್ಪ.

ದೊಡ್ಡಪ್ಪ: ಇನ್ನೊಂದು. ನೀರು ಭಾರ. ನಿನ್ನ ಮಾನಿಟರ್ ಗಂಟೆಗೆ ಎಷ್ಟು?

ನಾನು: ಕನಿಷ್ಠ 60 ಟನ್. ನಾಲ್ಕಕ್ಕೆ 240.

ದೊಡ್ಡಪ್ಪ: ಅದು ಇಳಿದು ಹೋಗಲು ದಾರಿ ಇಲ್ಲದಿದ್ದರೆ? 1942ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಾರ್ಮಂಡಿ ಎಂಬ ದೈತ್ಯ ಹಡಗಿನ ಬೆಂಕಿ ಆರಿಸಿದರು, ಆರಿಸಿದ ನೀರಿನ ಭಾರಕ್ಕೇ ಹಡಗು ಮಗುಚಿತು. ನಮ್ಮ ಘಟಕದಲ್ಲಿ ಎಣ್ಣೆ ಟ್ಯಾಂಕಿಗೆ ನೊರೆ ಹೊಡೆಯುವ ಅಭ್ಯಾಸ ಮಾಡಿಸುವಾಗ ಹೊಸ ಹುಡುಗರಿಗೆ ಮೊದಲು ತೋರಿಸುತ್ತಿದ್ದದ್ದು ನಳಿಕೆಯನ್ನಲ್ಲ, ಚರಂಡಿಯನ್ನು. ಮಂಜಿನ ಲ್ಯಾನ್ಸ್ ಒಳ್ಳೆಯದು, ಯಾಕೆಂದರೆ ಅದಕ್ಕೆ ಕಡಿಮೆ ನೀರು ಸಾಕು. ಆದರೆ ಅದನ್ನು ಪೆಟ್ಟಿಗೆಯಿಂದ ಹೊರತೆಗೆದು ಎಷ್ಟು ತಿಂಗಳಾಯಿತು, ಅದನ್ನು ಹೇಳು.

ನಾನು: ಅಭ್ಯಾಸ ಮಾಡುತ್ತೇವೆ.

ದೊಡ್ಡಪ್ಪ: ಉಕ್ಕಿಗೆ ಚುಚ್ಚಿ ನೋಡಿದ್ದೀರಾ?

ಇಲ್ಲ. ಗ್ರಾಹಕರ ಕಂಟೇನರಿಗೆ ಯಾರು ತೂತು ಕೊರೆಯಲು ಬಿಡುತ್ತಾರೆ? ಮೆದುಗೊಳವೆಗೆ ಜೋಡಿಸಿ, ಸಮುದ್ರದ ಕಡೆ ಮುಖ ಮಾಡಿ, ಮಂಜು ಬರುತ್ತದೆಯೇ ಎಂದು ನೋಡಿ, ಒರೆಸಿ ಇಡುತ್ತೇವೆ. ಅದನ್ನೇ ಬರೆದೆ. ದೊಡ್ಡಪ್ಪ ಹೆಬ್ಬೆರಳಿನ ಚಿತ್ರವನ್ನೂ ಹಾಕಲಿಲ್ಲ.

ಚಿಕ್ಕಪ್ಪ: ಒಟ್ಟಿನಲ್ಲಿ ನಾನು ಹೇಳಿದ್ದೇ ಸರಿ ಆಯಿತು.

ಅತ್ತಿಗೆ: ಯಾವುದು ಮಾವ?

ಚಿಕ್ಕಪ್ಪ: ಜಿಪುಣತನ.

ಅದುವರೆಗೆ ಒಂದು ಮಾತನ್ನೂ ಆಡದಿದ್ದ ಅಮ್ಮ ಆಗ ಬಂದರು.

ಅಮ್ಮ: ಮುಂದಿನ ತಿಂಗಳು ನೀನು ಹತ್ತುವ ಹಡಗು ಯಾವ ವರ್ಷದ್ದು?

ನಾನು: 2011ರದ್ದು ಅಮ್ಮ. ಆದರೆ ಲ್ಯಾನ್ಸ್ ಇದೆ. ಮಾಲೀಕರು ತಾವಾಗಿಯೇ ಇಟ್ಟಿದ್ದಾರೆ.

ಅಮ್ಮ: ಎಷ್ಟು?

ನಾನು: ಒಂದು.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಚಿಕ್ಕಪ್ಪನ ವೀಡಿಯೊ ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಿತ್ತು.